ಮೆಚ್ಚುಗೆ ಡ್ಯೂಟಿ ಪಟ್ಟಿಯಲ್ಲೇ ಕಾಣುತ್ತದೆ

ವಾರ್ಡ್ ಇನ್‌ಚಾರ್ಜ್ ಆದ ಮೇಲೆ ಡ್ಯೂಟಿ ಪಟ್ಟಿ ಬರೆಯುವುದು ನನ್ನ ಪಾಲಿಗೆ ಬಂತು. ಯಾರಿಗೆ ಸತತ ನೈಟ್, ಯಾರ ಆಫ್ ಕೊನೇ ಗಳಿಗೆಯಲ್ಲಿ ರದ್ದಾಯಿತು, ಯಾರಿಗೆ ಕೇಳಿದರೂ ರಜೆ ಸಿಗಲಿಲ್ಲ, ಎಲ್ಲ ಅದರಲ್ಲಿರುತ್ತದೆ. ಆಸ್ಪತ್ರೆ ತಮ್ಮನ್ನು ಎಷ್ಟು ಲೆಕ್ಕಕ್ಕಿಟ್ಟಿದೆ ಅನ್ನೋದನ್ನು ಸಿಬ್ಬಂದಿ ಓದಿಕೊಳ್ಳುವುದು ಆ ಹಾಳೆಯಲ್ಲೇ.

ಮೇ 12ರ ನರ್ಸ್‌ಗಳ ದಿನಾಚರಣೆ ಬೇಡ ಅಂತ ನಾನು ಹೇಳುವುದಿಲ್ಲ. ಒಳ್ಳೆ ಮಾತು ಕೇಳಿದರೆ ಖುಷಿ ಆಗೇ ಆಗುತ್ತದೆ. ಆದರೆ ಭಾಷಣ ಮುಗಿಸಿ ವಾರ್ಡ್‌ಗೆ ವಾಪಸ್ ಬಂದರೆ ಅದೇ ಕೆಟ್ಟುಹೋದ ಇನ್ಫ್ಯೂಷನ್ ಪಂಪ್ (ಡ್ರಿಪ್ ಅಳತೆಯಲ್ಲಿ ಹರಿಸುವ ಯಂತ್ರ), ಅದೇ ಖಾಲಿ ಗ್ಲೌಸ್ ಡಬ್ಬ, ಇಬ್ಬರ ಕೆಲಸಕ್ಕೆ ಒಬ್ಬಳೇ ನರ್ಸ್. ಆಗ ಕೇಳಿದ ಹೊಗಳಿಕೆಯೇ ಚುಚ್ಚುತ್ತದೆ.

ನಮ್ಮ ಕೆಲಸ ಚೆನ್ನಾಗಿ ಆದಾಗ ಕಣ್ಣಿಗೆ ಬೀಳುವುದಿಲ್ಲ. ಹೊತ್ತು ಹೊತ್ತಿಗೆ ಮಗ್ಗುಲು ಬದಲಿಸಿದ್ದರಿಂದ ರೋಗಿಯ ಬೆನ್ನು ಹುಣ್ಣಾಗಲಿಲ್ಲ. ನಡುರಾತ್ರಿ ಬಾತ್‌ರೂಮಿಗೆ ಎದ್ದ ಅಜ್ಜನ ಕೈ ಹಿಡಿದಿದ್ದರಿಂದ ಅವರು ಬೀಳಲಿಲ್ಲ. ಆಗದೇ ಹೋದದ್ದನ್ನು ಯಾವ ರಿಜಿಸ್ಟರ್‌ನಲ್ಲೂ ಬರೆಯುವುದಿಲ್ಲ. ಬಿದ್ದರೆ ಮಾತ್ರ ಇನ್ಸಿಡೆಂಟ್ ರಿಪೋರ್ಟ್, ವಿವರಣೆ ಕೊಡಿ ಅಂತ ಪತ್ರ. ನೈಟ್ ಡ್ಯೂಟಿಯವರಿಗೆ ಈ ಕಷ್ಟ ಇನ್ನೂ ಜಾಸ್ತಿ. ಅವರ ಒಳ್ಳೆ ಕೆಲಸ ನೋಡಬೇಕಾದವರು ಆ ಹೊತ್ತಿಗೆ ಮನೆಯಲ್ಲಿರುತ್ತಾರೆ.

ಉಳಿಯುವುದು ರೋಗಿಯ ಮೆಚ್ಚುಗೆ. ಅದಕ್ಕಿಂತ ದೊಡ್ಡದನ್ನು ನಾನು ಈ ಕೆಲಸದಲ್ಲಿ ಕಂಡಿಲ್ಲ. ಆದರೆ ಅದು ಬರುವುದಕ್ಕೂ ಪುರುಸೊತ್ತು ಬೇಕು, ಅಲ್ವಾ? ಈ ಮಾತ್ರೆ ಯಾಕೆ ಅಂತ ಎರಡು ಮಾತು ನಿಂತು ಹೇಳಿದರೆ ರೋಗಿ ಮುಖ ನೋಡುತ್ತಾರೆ, ಹೆಸರು ಕೇಳುತ್ತಾರೆ. ಓಡುತ್ತಲೇ ಇರುವ ನರ್ಸ್‌ಗೆ ಸಿಗುವುದು "ಸಿಸ್ಟರ್, ಎಷ್ಟು ಹೊತ್ತಿಂದ ಕರೀತಾ ಇದ್ದೀನಿ" ಅನ್ನೋ ಸಿಟ್ಟು. ನರ್ಸಿಂಗ್ ಸಂಶೋಧಕಿ ಲಿಂಡಾ ಐಕನ್ ಮತ್ತು ಸಂಗಡಿಗರು ಅಮೆರಿಕದ ಪೆನ್ಸಿಲ್ವೇನಿಯಾದ ಆಸ್ಪತ್ರೆಗಳನ್ನು ನೋಡಿ 2002ರಲ್ಲಿ ಪ್ರಕಟಿಸಿದ ಅಧ್ಯಯನ ನಮ್ಮ ಕ್ಷೇತ್ರದಲ್ಲಿ ಹೆಸರಾದದ್ದು. ಒಬ್ಬ ನರ್ಸ್‌ಗೆ ಒಬ್ಬ ರೋಗಿ ಹೆಚ್ಚಾದಂತೆಲ್ಲ ಅವರು ಬಳಲಿ ಬೇಸತ್ತುಹೋಗುವ ಸಂಭವ ಶೇ. 23ರಷ್ಟು, ಕೆಲಸದ ಬಗ್ಗೆ ಅತೃಪ್ತಿಯ ಸಂಭವ ಶೇ. 15ರಷ್ಟು ಏರಿದ್ದನ್ನು ಅವರು ಕಂಡರು. ಆಪರೇಷನ್ ಆದ ರೋಗಿಗಳು 30 ದಿನದೊಳಗೆ ಸಾಯುವ ಸಂಭವ ಕೂಡ ಶೇ. 7ರಷ್ಟು ಏರಿತ್ತು. ಆ ಒಬ್ಬ ರೋಗಿ ಹೆಚ್ಚಾಗುವುದು ಪಟ್ಟಿಯಲ್ಲಿ ಒಂದು ಹೆಸರು ಖಾಲಿ ಬಿಟ್ಟಾಗಲೇ.

ಸಮಾಜಶಾಸ್ತ್ರಜ್ಞ ಯೋಹಾನೆಸ್ ಸೀಗ್ರಿಸ್ಟ್ 1996ರಲ್ಲಿ ದುಡಿಮೆಯ ಪ್ರತಿಫಲವನ್ನು ಮೂರಾಗಿ ನೋಡಿದರು: ಹಣ, ಗೌರವ, ಜೊತೆಗೆ ಕೆಲಸದ ಭದ್ರತೆ ಮತ್ತು ಬಡ್ತಿ. ಹಾಕಿದ ಶ್ರಮಕ್ಕೆ ಇವು ಸರಿಸಾಟಿಯಾಗದಿದ್ದರೆ ಆರೋಗ್ಯವೇ ಕೆಡುತ್ತದೆ ಅನ್ನೋದು ಅವರ ವಾದ. ಇದನ್ನು ಓದಿದಾಗ ನನಗೆ ನೆನಪಾಗಿದ್ದು ಹೌಸ್‌ಕೀಪಿಂಗ್‌ನವರು. ಏಜೆನ್ಸಿಯ ಮೂಲಕ ಬಂದವರು ಅಂತ ಅವರ ಹೆಸರು ನಮ್ಮ ಪಟ್ಟಿಯಲ್ಲೇ ಇರುತ್ತಿರಲಿಲ್ಲ. ಯಾವ ರೋಗಿ ರಾತ್ರಿಯೆಲ್ಲ ಗಾಬರಿಯಾಗಿದ್ದರು, ಯಾರು ಊಟದ ತಟ್ಟೆ ಮುಟ್ಟಿಲ್ಲ ಅನ್ನೋದು ಎಷ್ಟೋ ಸಲ ಅವರಿಗೇ ಮೊದಲು ಗೊತ್ತಾಗುತ್ತದೆ. ಈಗ ಅವರ ಹೆಸರೂ ಪಟ್ಟಿಯಲ್ಲಿದೆ. ನೈಟ್‌ನವರು ಬೆಳಗಿನವರಿಗೆ ರೋಗಿಗಳ ವಿಷಯ ಒಪ್ಪಿಸುವ ಹ್ಯಾಂಡೋವರ್‌ನಲ್ಲಿ ಅವರೂ ನಿಲ್ಲುತ್ತಾರೆ. ಮೊದಮೊದಲು ಸುಮ್ನೆ ನಿಂತಿರುತ್ತಿದ್ದರು, ಈಗ ತಾವಾಗಿಯೇ ಹೇಳುತ್ತಾರೆ.

ನನ್ನ ಕೈಲಾದ ಇನ್ನಷ್ಟನ್ನೂ ಮಾಡಿದ್ದೇನೆ. ಪಟ್ಟಿ ಮುಂಚೆಯೇ ಹಾಕುತ್ತೇನೆ. ಬದಲಾಯಿಸುವ ಮುನ್ನ ಫೋನ್ ಮಾಡಿ ಕೇಳುತ್ತೇನೆ. ನರ್ಸ್‌ಗಳು ಊಟಕ್ಕೆ ಹೋದಾಗ ಅವರ ರೋಗಿಗಳನ್ನು ಯಾರು ನೋಡಿಕೊಳ್ಳಬೇಕು ಅಂತ ಹೆಸರು ಬರೆದೇ ಇಡುತ್ತೇನೆ.

ಸಂಬಳ, ಕಾಂಟ್ರ್ಯಾಕ್ಟ್, ಖಾಲಿ ಹುದ್ದೆಗಳು ನನ್ನ ಕೈಯಲ್ಲಿಲ್ಲ. ಅದಕ್ಕೇ ತಿಂಗಳ ಮೀಟಿಂಗ್‌ಗೆ ಹೋಗುವಾಗ ಎಷ್ಟು ಶಿಫ್ಟ್‌ಗೆ ಜನ ಕಡಿಮೆಯಿದ್ದರು ಅನ್ನೋ ಲೆಕ್ಕವನ್ನು ಬರೆದುಕೊಂಡೇ ಹೋಗುತ್ತೇನೆ. ಅದನ್ನು ಮೀಟಿಂಗ್ ನಡಾವಳಿಯಲ್ಲಿ ಸೇರಿಸುವ ತನಕ ಕುರ್ಚಿ ಬಿಟ್ಟು ಏಳುವುದಿಲ್ಲ.