ಕರಿಮರಳಿನಿಂದ ಉಕ್ಕುವ ತೀರ್ಥ

ಬಾಲಿಗೆ ಹೊರಟವರ ಪಟ್ಟಿಯಲ್ಲಿ ಗುಡಿಗಳಿಗೆ ಬರವಿಲ್ಲ. ಕಡಲ ಬಂಡೆಯ ಮೇಲೆ ಕುಳಿತ ತಾನಾ ಲೋಟ್, ಕಡಿದಾದ ಬಂಡೆಯ ತುದಿಯ ಉಲುವಾತು, ಬೆರಾತಾನ್ ಕೆರೆಯಲ್ಲಿ ತೇಲುವಂತೆ ಕಾಣುವ ಉಲುನ್ ದಾನು. ಎಲ್ಲವೂ ಕಣ್ತುಂಬ ನೋಡುವಂಥವೇ. ಆದರೆ ಸುತ್ತಿದ್ದ ಜನರನ್ನೂ ಕ್ಯಾಮೆರಾಗಳನ್ನೂ ಮರೆತು ನನ್ನ ಕೈ ತಾನಾಗಿ ಮುಗಿದದ್ದು ತಂಪಕ್‌ಸಿರಿಂಗ್‌ನ ತಿರ್ತಾ ಎಂಪುಲ್‌ನಲ್ಲಿ.

ಅಲ್ಲಿ ಒಳ ಪ್ರಾಕಾರದಲ್ಲೊಂದು ಕೊಳ. ಗರ್ಭಗುಡಿಯೆಂದು ಕರೆಯುವುದಾದರೆ ನಾನು ಅದನ್ನೇ ಕರೆದೇನು. ನೀರು ತಿಳಿ, ತಳದಲ್ಲಿ ಹಸಿರು ಪಾಚಿ. ನಡುನಡುವೆ ಕರಿಮರಳು ಹೊಗೆಯಂತೆ ಎದ್ದು, ಸುತ್ತಿ, ಮತ್ತೆ ಕೂರುತ್ತದೆ. ಅದರಡಿಯಿಂದಲೇ ಬುಗ್ಗೆ. ಅಲಂಕಾರವಿಲ್ಲ, ಆರತಿಯಿಲ್ಲ, ಮೂರ್ತಿಯಿಲ್ಲ. ನೆಲದಿಂದ ನೀರು ಬರುತ್ತಲೇ ಇರುತ್ತದೆ. ಕ್ರಿ.ಶ. 962ರಲ್ಲಿ, ವರ್ಮದೇವ ಅರಸರ ಕಾಲದಲ್ಲಿ, ಈ ಕೊಳ ಕಟ್ಟಿಸಿದ್ದೆಂದು ಶಾಸನದ ಆಧಾರದಿಂದ ಹೇಳುತ್ತಾರೆ. ಅಂದಿನಿಂದ ಎಷ್ಟು ತಲೆಮಾರು ಈ ದಡದಲ್ಲಿ ಕೈಮುಗಿದು ನಿಂತಿರಬೇಕು!

ಈ ಬುಗ್ಗೆಗೆ ಊರವರು ಹೇಳುವ ಕತೆಯೊಂದಿದೆ. ಮಾಯಾದೆನವ ಎಂಬ ಅರಸ ಪೂಜೆ ನಿಲ್ಲಿಸಿ, ತನ್ನನ್ನೇ ಪೂಜಿಸಿರೆಂದ. ಅವನನ್ನು ಅಡಗಿಸಲು ಇಂದ್ರ ಸೈನ್ಯದೊಡನೆ ಬಂದ. ರಾತ್ರಿ ಮಾಯಾದೆನವ ಪಾದವನ್ನು ಓರೆ ಮಾಡಿ, ಅಂಚಿನ ಮೇಲೆ ನಡೆದು, ಹೆಜ್ಜೆಗುರುತು ಮೂಡದಂತೆ ಶಿಬಿರಕ್ಕೆ ನುಸುಳಿ ವಿಷದ ನೀರನ್ನು ಹರಿಸಿದ. ಅದನ್ನು ಕುಡಿದ ಸೈನಿಕರು ಉರುಳಿದರು. ಇಂದ್ರ ತನ್ನ ಧ್ವಜದ ಕಂಬವನ್ನು ನೆಲಕ್ಕೆ ಊರಿದಾಗ ಚಿಮ್ಮಿದ ನೀರೇ ಇದು. ಅದನ್ನು ಚಿಮುಕಿಸಿದ ಮೇಲೆ ಬಿದ್ದವರು ಎದ್ದು ಕುಳಿತರು. ಕೊನೆಗೆ ಸತ್ತ ಮಾಯಾದೆನವನ ನೆತ್ತರು ಪೆತಾನು ನದಿಯಾಯಿತಂತೆ. ಅದರ ನೀರು ಉಂಡ ಪೈರು ಕೊಯ್ದರೆ ರಕ್ತ ಒಸರುತ್ತಿತ್ತೆಂದು ಬಹುಕಾಲ ಯಾರೂ ಅದನ್ನು ಗದ್ದೆಗೆ ಹಾಯಿಸಲಿಲ್ಲ ಎನ್ನುತ್ತಾರೆ. ನಮ್ಮ ಪುರಾಣಗಳ ಇಂದ್ರ ತನ್ನ ಸಿಂಹಾಸನದ ಚಿಂತೆಯಲ್ಲೇ ಇರುವವನು. ಇಲ್ಲಿ ಅವನು ನೀರು ಕೊಟ್ಟವನು. ನನಗೆ ಈ ಇಂದ್ರನ ಮೇಲೆ ಹೆಚ್ಚು ಪ್ರೀತಿ.

ಹೊರಗಿನ ಕೊಳದಲ್ಲಿ ಸಾಲಾಗಿ ಕಲ್ಲಿನ ನೀರ್ಬಾಯಿಗಳು. ಸೊಂಟಕ್ಕೆ ಪಂಚೆ ಸುತ್ತಿ, ಮೇಲೆ ಶಲ್ಯ ಬಿಗಿದು ಇಳಿಯಬೇಕು. ಮುಟ್ಟಾದ ಹೆಣ್ಣುಮಕ್ಕಳು ಗುಡಿಯೊಳಗೆ ಬರುವುದಿಲ್ಲ. ಆ ಕಟ್ಟಳೆ ಅಲ್ಲೂ ಇದೆ. ಈ ಸ್ನಾನಕ್ಕೆ ಮೆಲುಕಾತ್ ಎನ್ನುತ್ತಾರೆ. ಇಳಿಯುವ ಮುನ್ನ ಚಾನಾಂಗ್ ಇಡಬೇಕು. ಎಳೆಗರಿಯಲ್ಲಿ ಹೆಣೆದ ಅಂಗೈಯಗಲದ ತಟ್ಟೆ. ಅದರೊಳಗೆ ವೀಳ್ಯದೆಲೆ, ಅಡಿಕೆ, ಸುಣ್ಣ. ಮೇಲೆ ಹೂವು, ದಿಕ್ಕಿಗೊಂದು ಬಣ್ಣ: ಮೂಡಲಿಗೆ ಬಿಳಿ, ತೆಂಕಲಿಗೆ ಕೆಂಪು, ಪಡುವಲಿಗೆ ಹಳದಿ, ಬಡಗಲಿಗೆ ನೀಲಿ ಅಥವಾ ಹಸಿರು. ಎಲೆ ಅಡಿಕೆ ಕಂಡಾಗ ಅಜ್ಜಿಯ ಕೈ ನೆನಪಾಗದ ಕನ್ನಡದವರು ಯಾರು? ಆಮೇಲೆ ಒಂದೊಂದು ಧಾರೆಯಡಿ ತಲೆಬಾಗಿ ಮುಖ ತೊಳೆದು, ಬಾಯಿ ಮುಕ್ಕಳಿಸಿ, ನೆತ್ತಿಯನ್ನು ಒಡ್ಡಿ ಮುಂದೆ ಸಾಗುತ್ತಾರೆ. ನಡುವೆ ಕೆಲವು ಧಾರೆಗಳನ್ನು ಬಿಟ್ಟು ದಾಟುತ್ತಾರೆ; ಅವು ತೀರಿಹೋದವರ ಕರ್ಮಕ್ಕೆ ಮೀಸಲು. ಅವಸರದಲ್ಲಿ ಬಂದು, ಅವಕ್ಕೂ ತಲೆಯೊಡ್ಡಿ ಫೋಟೊ ತೆಗೆಸಿಕೊಳ್ಳುವ ಪ್ರವಾಸಿಗರನ್ನು ಕಂಡರೆ ನೋವಾಗುತ್ತದೆ. ದಯವಿಟ್ಟು ಮೊದಲು ಊರವರನ್ನು ಕೇಳಿ, ಅವರ ಹಿಂದೆ ನಡೆಯಿರಿ.

ನೀರು ತಣ್ಣಗೆ ಕೊರೆಯುತ್ತದೆ. ಸಾಲಿನಲ್ಲಿ ನಿಂತಾಗ ಏನೇನೋ ಕೇಳಿಕೊಳ್ಳಬೇಕೆಂದಿತ್ತು. ನೆತ್ತಿಗೆ ಧಾರೆ ಬಿದ್ದಾಗ ಬಾಯಿಗೆ ಬಂದದ್ದು ಮನೆಯಲ್ಲಿ ಕಲಶಕ್ಕೆ ಕೈಯಿಟ್ಟು ಹೇಳುವ ಮಂತ್ರ: ಗಂಗೇ ಚ ಯಮುನೇ ಚೈವ ಗೋದಾವರಿ ಸರಸ್ವತಿ, ನರ್ಮದೇ ಸಿಂಧು ಕಾವೇರಿ. ಬಾಲಿಯ ಪುರೋಹಿತರೂ ತೀರ್ಥ ಸಿದ್ಧಮಾಡುವಾಗ ಏಳು ನದಿಗಳನ್ನು ಕರೆಯುತ್ತಾರೆ: ಗಂಗಾ, ಸಿಂಧು, ಸರಸ್ವತಿ, ವಿಪಾಶಾ, ಕೌಶಿಕೀ, ಯಮುನಾ, ಸರಯೂ. ಅವರ ಏಳರಲ್ಲಿ ಕಾವೇರಿಯಿಲ್ಲ, ನಮ್ಮ ಏಳರಲ್ಲಿ ಸರಯೂ ಇಲ್ಲ. ಅಷ್ಟು ದೂರದ ನದಿಗಳನ್ನು ಕಣ್ಣಿಂದ ಕಾಣದೆಯೇ, ಇಲ್ಲಿನ ನೀರಲ್ಲಿ ಬಂದು ನೆಲೆಸಿರೆಂದು ಕರೆದ ಆ ಹಿರಿಯರ ನಂಬಿಕೆಗೆ ನನ್ನ ನಮಸ್ಕಾರ. ತುಲಾ ಸಂಕ್ರಮಣದಂದು ತಲಕಾವೇರಿಯ ಕುಂಡಿಕೆಯಲ್ಲಿ ನೀರು ಉಕ್ಕುವುದನ್ನು ಕಾದು ನಿಂತು, ಬಿಂದಿಗೆ ಬಾಟಲಿಗಳಲ್ಲಿ ತುಂಬಿಕೊಂಡು ಮನೆಗೆ ಒಯ್ಯುವ ನಮ್ಮವರಿಗೆ ಇದು ಬೇಗ ಅರ್ಥವಾಗುತ್ತದೆ. ಇಲ್ಲಿಯವರೂ ತೀರ್ಥ ತುಂಬಿಕೊಂಡು ಹೋಗುತ್ತಾರೆ, ಮನೆಯ ಪೂಜೆಗೆಂದು.

ಪ್ರಾರ್ಥನೆ ಮುಗಿದ ಮೇಲೆ ಅರ್ಚಕರು ತೀರ್ಥ ಪ್ರೋಕ್ಷಿಸಿ, ಅಂಗೈಗೂ ಹಾಕುತ್ತಾರೆ. ಹಣೆಗೆ ನೆನೆಸಿದ ಅಕ್ಕಿಕಾಳು ಅಂಟಿಸಿಕೊಳ್ಳುತ್ತಾರೆ. ಎದುರಿಗೆ ನೋಡಿದರೆ ಬಾಲಿಯ ಗುಡಿಗಳಲ್ಲೆಲ್ಲ ಕಾಣುವ ಬರಿದಾದ ಕಲ್ಲಿನ ಪೀಠ, ಪದ್ಮಾಸನ. ಮೂರ್ತಿಯ ಕಣ್ಣನ್ನು ಹುಡುಕುವ ಅಭ್ಯಾಸದ ನಮಗೆ ಮೊದಲು ದೃಷ್ಟಿ ಎಲ್ಲಿ ನಿಲ್ಲಿಸಬೇಕೆಂದೇ ತಿಳಿಯದು.

ಮೈ ಒರೆಸಿಕೊಂಡು ಹೊರಟುಬಿಡಬೇಡಿ. ಗುಡಿಯಿಂದ ಹೊರಬಿದ್ದ ನೀರಿನ ದಾರಿ ಹಿಡಿದು ಸ್ವಲ್ಪ ಕೆಳಗೆ ನಡೆಯಿರಿ. ಪಾಕೆರಿಸಾನ್ ನದಿಯ ಕಣಿವೆಯ ಮೆಟ್ಟಿಲುಗದ್ದೆಗಳಿಗೆ ಹರಿಯುವುದು ಇದೇ ತೀರ್ಥ. ಬಾಲಿಯಲ್ಲಿ ಒಂದೇ ಕಾಲುವೆಯ ನೀರು ಉಣ್ಣುವ ರೈತರೆಲ್ಲ ಸೇರಿದ ಕೂಟಕ್ಕೆ ಸುಬಾಕ್ ಎನ್ನುತ್ತಾರೆ. ಯಾರು ಯಾವಾಗ ಬಿತ್ತಬೇಕು, ಯಾವಾಗ ಗದ್ದೆ ಖಾಲಿ ಬಿಡಬೇಕು ಎಂಬುದನ್ನು ಅವರು ನೀರಿನ ಗುಡಿಯ ಪೂಜೆಗಳ ಲೆಕ್ಕದಲ್ಲಿ ಕೂತು ತೀರ್ಮಾನಿಸುತ್ತಾರೆ. 1970ರ ದಶಕದಲ್ಲಿ ಹೊಸ ತಳಿಯ ಬತ್ತ ಕೊಟ್ಟ ಸರ್ಕಾರ, ಆದಷ್ಟು ಸಲ ಬೆಳೆಯಿರಿ ಎಂದಿತು. ಗುಡಿಯ ಲೆಕ್ಕ ಬದಿಗೆ ಸರಿಯಿತು. ನೀರಿಗೆ ತತ್ವಾರ, ಪೈರಿಗೆ ಕೀಟದ ಕಾಟ. ಸ್ಟೀಫನ್ ಲ್ಯಾನ್ಸಿಂಗ್ ಎಂಬ ಮಾನವಶಾಸ್ತ್ರಜ್ಞರು ಆಮೇಲೆ ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ತೋರಿಸಿದರು: ಅಕ್ಕಪಕ್ಕದ ಗದ್ದೆಗಳು ಒಟ್ಟಿಗೆ ಖಾಲಿ ಬಿದ್ದರೆ ಕೀಟಕ್ಕೆ ಮೇವು ಸಿಗದು, ಎಲ್ಲರೂ ಒಟ್ಟಿಗೇ ಬಿತ್ತಿದರೆ ನೀರು ಸಾಲದು, ಈ ಎರಡರ ನಡುವಿನ ಹದವನ್ನು ಗುಡಿಯ ಪದ್ಧತಿ ಹಿಡಿದಿತ್ತು. 2012ರಲ್ಲಿ ಯುನೆಸ್ಕೊ ಸುಬಾಕ್ ನೆಲಗಳನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದಾಗ ಈ ಕಣಿವೆಯೂ ಅದರಲ್ಲಿತ್ತು. ನೀರಿಗೆ ನಮಿಸುವವರು ನೀರನ್ನು ಹಂಚಿಕೊಳ್ಳಲೂ ಕಲಿತಿದ್ದರು ಎಂಬುದೇ ನನ್ನನ್ನು ಹೆಚ್ಚು ಕರಗಿಸಿತು. ಒಂದೇ ಹೊಳೆಯ ಮೇಲಿನ ಗದ್ದೆಯವರೂ ಕೆಳಗಿನ ಗದ್ದೆಯವರೂ ಒಂದೇ ಗುಡಿಯಲ್ಲಿ ಕೂರುವುದು ಸಣ್ಣ ಮಾತಲ್ಲ. ಕಾವೇರಿ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಸಾಧ್ಯವಾದರೆ ಗಲುಂಗಾನ್ ಹಬ್ಬಕ್ಕೆ ಹೋಗಿ. ಅವರ 210 ದಿನಗಳ ಪಂಚಾಂಗದಲ್ಲಿ ಒಮ್ಮೆ ಬರುವ, ಯಾವಾಗಲೂ ಬುಧವಾರವೇ ಬೀಳುವ ಹಬ್ಬ. ಅಧರ್ಮದ ಮೇಲೆ ಧರ್ಮ ಗೆದ್ದ ದಿನ. ಮಾಯಾದೆನವ ಸೋತ ಕತೆಯನ್ನು ಇದಕ್ಕೇ ಹೇಳುವುದು. ಆಗ ಹಿರಿಯರ ಆತ್ಮಗಳು ಮನೆಗೆ ಬರುತ್ತವೆಂದು ನಂಬಿಕೆ. ಹತ್ತು ದಿನ ಕಳೆದ ಮೇಲೆ, ಕುನಿಂಗಾನ್‌ನಂದು, ಅವರನ್ನು ಬೀಳ್ಕೊಡುತ್ತಾರೆ. ಪ್ರತಿ ಮನೆಯ ಮುಂದೆ ತುದಿ ಬಾಗಿದ ಎತ್ತರದ ಬಿದಿರು, ಪೆಂಜೋರ್, ನೆಟ್ಟು ಬತ್ತದ ತೆನೆ, ತೆಂಗಿನಕಾಯಿ, ಹಣ್ಣು ಕಟ್ಟಿರುತ್ತಾರೆ. ಬೀದಿಯುದ್ದಕ್ಕೂ ಅವು ದಾರಿಯ ಮೇಲೆ ಬಾಗಿರುತ್ತವೆ. ಗುಡಿಯಲ್ಲಿ ನೂಕುನುಗ್ಗಲು ಇರುತ್ತದೆ, ನಿಜ. ಬೆಳಕು ಹರಿಯುವ ಹೊತ್ತಿಗೇ ಹೋಗಿ, ಮನೆಮಂದಿಯೊಂದಿಗೆ ಬಂದ ಊರವರಿಗೆ ಮೊದಲು ಜಾಗ ಬಿಟ್ಟುಕೊಡಿ.