ಕಂಪನಿ ಬೇರೆ, ಅಷ್ಟೇ

“ಹೋದ ಸಲ ಕೊಟ್ಟದ್ದು ಹೀಗಿರಲಿಲ್ಲವಲ್ಲಪ್ಪಾ?”

“ಕಂಪನಿ ಬೇರೆ ಅಮ್ಮ, ಅಷ್ಟೇ. ಮಾತ್ರೆ ಅದೇ.”

ಬುಧವಾರ ಸಂಜೆ ನಮ್ಮ ಔಷಧದಂಗಡಿಯಲ್ಲಿ ಹೀಗೆಂದಾಗ ನಾನು ತಲೆಯನ್ನೂ ಎತ್ತಿರಲಿಲ್ಲ. ದಿನಕ್ಕೆ ಹತ್ತು ಸಲವಾದರೂ ಆಡುವ ಮಾತು ಅದು, ಬಹುಪಾಲು ನಿಜವೂ ಹೌದು. ಆಕೆ ಸರಿ ಎನ್ನುವಂತೆ ತಲೆಯಾಡಿಸಿ ಪೊಟ್ಟಣವನ್ನು ಚೀಲಕ್ಕೆ ಹಾಕಿಕೊಂಡು ಹೊರಟರು.

ನಮ್ಮಲ್ಲಿ ಉಳಿಯುವ ಚೀಟಿಯ ಪ್ರತಿಗೆ ಮೊಹರು ಒತ್ತಲು ಕೈ ಎತ್ತಿದಾಗ ಕಣ್ಣು ಅದರ ಮೇಲೆ ಬಿತ್ತು. ವೈದ್ಯರು ಬರೆದದ್ದು ಹೈಡ್ರಾಕ್ಸಿಜಿನ್ 25 ಮಿಲಿಗ್ರಾಂ, ತುರಿಕೆಗೆ, ರಾತ್ರಿ ಒಂದು. ಮೇಜಿನ ಮೇಲೆ ಉಳಿದಿದ್ದ ಪೆಟ್ಟಿಗೆ ಹೈಡ್ರಾಲಜಿನ್ 25. ಅದು ರಕ್ತದೊತ್ತಡ ಇಳಿಸುವ ಮಾತ್ರೆ.

ಓಡಿದೆ. ಆಕೆ ಇನ್ನೂ ಮೆಟ್ಟಿಲ ಮೇಲೆಯೇ ನಿಂತು ಚೀಲದ ಜಿಪ್ಪಿನೊಂದಿಗೆ ಹೆಣಗುತ್ತಿದ್ದರು. ಆ ಕೆಟ್ಟುಹೋದ ಜಿಪ್ಪಿಗೆ ನಾನು ಋಣಿ. ಮಾತ್ರೆ ಬದಲಾಯಿಸಿ ಕೊಡುವಾಗ ಆಕೆ ಬೈಯಲಿಲ್ಲ, ದನಿಯನ್ನೂ ಏರಿಸಲಿಲ್ಲ. “ನಾನು ಕೇಳಿದೆನಲ್ಲಪ್ಪಾ” ಎಂದರು, ಅಷ್ಟೇ. ಬೈದಿದ್ದರೆ ಈ ಹೊತ್ತಿಗೆ ಮರೆತಿರುತ್ತಿದ್ದೆನೇನೋ.

ತಪ್ಪು ಆದದ್ದು ಹೇಗೆಂಬುದರಲ್ಲಿ ರಹಸ್ಯವೇನೂ ಇಲ್ಲ. ಕಂಪ್ಯೂಟರಿನಲ್ಲಿ ಮೊದಲ ಕೆಲವು ಅಕ್ಷರ ಒತ್ತಿದರೆ ಎರಡೂ ಹೆಸರು ಒಂದರ ಕೆಳಗೊಂದು ಬರುತ್ತವೆ. ಪ್ರಮಾಣವೂ ಒಂದೇ. ನಾನು ಮೇಲಿನದನ್ನು ಆರಿಸಿದೆ. ಲೇಬಲ್ ಅದರದ್ದೇ ಬಂತು, ಲೇಬಲ್ ನೋಡಿ ಪೆಟ್ಟಿಗೆ ತೆಗೆದೆ, ಆಮೇಲೆ ಲೇಬಲ್ಲಿಗೂ ಪೆಟ್ಟಿಗೆಗೂ ತಾಳೆ ನೋಡಿದೆ. ತಾಳೆಯಾಗದೆ ಇನ್ನೇನಾದೀತು? ತಾಳೆ ನೋಡಬೇಕಾದದ್ದು ಚೀಟಿಯೊಂದಿಗೆ. ಎರಡನೆಯವರೊಬ್ಬರು ಪರಿಶೀಲಿಸಬೇಕೆಂಬ ನಿಯಮವೂ ನಮ್ಮಲ್ಲಿದೆ. ಆ ಹೊತ್ತಿನಲ್ಲಿ ಆ ಎರಡನೆಯವನೂ ನಾನೇ ಆಗಿದ್ದೆ.

ಇವು ಕುಖ್ಯಾತ ಜೋಡಿ ಹೆಸರುಗಳು. ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ರೋಗಿಗಳ ಸುರಕ್ಷತೆಗೆಂದು ಒಂಬತ್ತು ಪರಿಹಾರಗಳನ್ನು ಪ್ರಕಟಿಸಿದಾಗ ಮೊದಲು ಎತ್ತಿಕೊಂಡದ್ದೇ ನೋಡಲು, ಕೇಳಲು ಒಂದೇ ಥರ ಇರುವ ಔಷಧಗಳ ಹೆಸರನ್ನು. ಹೆಸರಿನಲ್ಲಿ ಬೇರೆಯಾಗುವ ಭಾಗವನ್ನಷ್ಟೇ ಇಂಗ್ಲಿಷಿನ ದೊಡ್ಡಕ್ಷರಗಳಲ್ಲಿ ಮುದ್ರಿಸುವ ಪದ್ಧತಿಯಿದೆ. (ಕನ್ನಡದಲ್ಲಿ ದೊಡ್ಡಕ್ಷರವೇ ಇಲ್ಲ, ಬಣ್ಣ ಬಳಿಯಬೇಕಷ್ಟೇ.) ಅಂತಹ ಜೋಡಿಗಳ ಪಟ್ಟಿಯೊಂದನ್ನು ಔಷಧ ತೆಗೆಯುವ ಕಪಾಟಿನ ಬಾಗಿಲಿಗೆ ನಾನೇ ಅಂಟಿಸಿದ್ದೇನೆ. ಅಂಟಿಸಿದ ವಾರ ಓದಿದ್ದೆ. ಈಗ ಅದು ಬಾಗಿಲಿನ ಬಣ್ಣವೇ ಆಗಿಹೋಗಿದೆ.

ನಗು ಬರುವುದೇಕೆಂದರೆ, ಸೋಮವಾರವಷ್ಟೇ ತಪಾಸಣೆ ಮುಗಿದಿತ್ತು. ಬಂದವರು ಒಳ್ಳೆಯ ಮನುಷ್ಯ, ಕಟ್ಟುನಿಟ್ಟೂ ಹೌದು. ಇನ್ಸುಲಿನ್ ಇಟ್ಟ ಫ್ರಿಜ್ 2ರಿಂದ 8 ಡಿಗ್ರಿಯೊಳಗೆ ಇದೆಯೇ, ದಿನದಿನದ ದಾಖಲೆ ಇದೆಯೇ, ಅವಧಿ ಮುಗಿದದ್ದನ್ನು ಬೇರೆ ಇಟ್ಟಿದ್ದೇವೆಯೇ, ಬೀಗದ ಕಪಾಟಿನ ಮಾತ್ರೆಗಳ ಎಣಿಕೆ ವಹಿಯೊಂದಿಗೆ ಹೊಂದುತ್ತದೆಯೇ ಎಂದು ಎಲ್ಲವನ್ನೂ ನೋಡಿದರು. ಎಲ್ಲವೂ ಸರಿಯಿತ್ತು. ಮಾಲೀಕರು ಅಂದು ಸಂಜೆಯವರೆಗೂ ಅದನ್ನೇ ಹೇಳಿಕೊಂಡು ತಿರುಗಿದರು. ಅವರಿಗೆ ಪರವಾನಗಿ ಎಂದರೆ ಚೌಕಟ್ಟು ಹಾಕಿಸುವ ವಸ್ತು. ನಾನೂ ಬೀಗಿದೆ, ಸುಳ್ಳೇಕೆ ಹೇಳಲಿ.

ಆದರೆ “ಕಂಪನಿ ಬೇರೆ, ಅಷ್ಟೇ” ಎನ್ನುವುದನ್ನು ಯಾವ ತಪಾಸಣೆಯಲ್ಲೂ ಹಿಡಿಯಲಾಗದು. ಒಂದೇ ಔಷಧ ಈ ತಿಂಗಳು ಬಿಳಿ ಗುಂಡು, ಮುಂದಿನ ತಿಂಗಳು ಹಳದಿ ಅಂಡಾಕಾರ. ಜನ ಮೊದಮೊದಲು ಕೇಳುತ್ತಾರೆ, ನಾವು ಈ ಉತ್ತರ ಕೊಡುತ್ತೇವೆ. ನಾಲ್ಕು ಸಲವಾದ ಮೇಲೆ ಕೇಳುವುದನ್ನೇ ಬಿಡುತ್ತಾರೆ. ಹಾಗೆ ಬಿಡಿಸಿದವರು ನಾವೇ. ಇನ್ನು ಹೆಸರು ಖಚಿತಪಡಿಸಿಕೊಳ್ಳುವ ನಮ್ಮ ಪರಿಯನ್ನೂ ನೋಡಿ. “ಇಂಥವರು ತಾನೇ?” ಎಂದರೆ ಕಿವಿ ಮಂದವಾದ ಹಿರಿಯರು ಯಾವ ಹೆಸರಿಗಾದರೂ ಹೌದು ಎನ್ನುತ್ತಾರೆ.

ನಮ್ಮಲ್ಲಿ ಹೊಸದಾಗಿ ಸೇರಿದ ಹುಡುಗಿಯೊಬ್ಬಳಿದ್ದಾಳೆ. ಕೊಡುವ ಮುನ್ನ ಪೊಟ್ಟಣವನ್ನು ರೋಗಿಯ ಮುಂದೆಯೇ ಬಿಚ್ಚುತ್ತಾಳೆ. “ಇದು ಯಾವುದಕ್ಕೆಂದು ಡಾಕ್ಟರು ಹೇಳಿದ್ದಾರೆ?” ಎಂದು ಕೇಳಿ, ಉತ್ತರ ಬರುವ ತನಕ ಕಾಯುತ್ತಾಳೆ. ಸಾಲು ಬೆಳೆಯುತ್ತದೆ. ಅದು ಕಾಲೇಜಿನ ಗುಂಗು, ಆರು ತಿಂಗಳಲ್ಲಿ ಇಳಿಯುತ್ತದೆ ಎಂದು ಹಿಂದೊಮ್ಮೆ ಅವಳ ಎದುರಿಗೇ ಅಂದಿದ್ದೆ. ಬುಧವಾರ ಆ ಪ್ರಶ್ನೆ ನಾನು ಕೇಳಿದ್ದರೆ ಆಕೆ “ತುರಿಕೆಗೆ” ಎನ್ನುತ್ತಿದ್ದರು, ನನ್ನ ಕೈಯಲ್ಲಿ ರಕ್ತದೊತ್ತಡದ ಮಾತ್ರೆ ಇರುತ್ತಿತ್ತು. ರಾತ್ರಿ ಅದನ್ನು ನುಂಗಿ, ನಡುರಾತ್ರಿ ಎದ್ದು, ತಲೆ ತಿರುಗಿ... ಈ ಚಿತ್ರವನ್ನು ಮೂರು ದಿನಗಳಿಂದ ಮುಂದಕ್ಕೆ ಓಡಿಸಿಕೊಂಡು ನೋಡುತ್ತಿದ್ದೇನೆ. ಪ್ರತಿ ಸಲವೂ ಆ ಜಿಪ್ಪು ಸರಿಯಾಗಿಯೇ ಇರುತ್ತದೆ.

ಅನಾಹುತ ಕೂದಲೆಳೆಯಲ್ಲಿ ತಪ್ಪಿದ ಘಟನೆಗಳನ್ನು ಬರೆದಿಡುವ ಪುಸ್ತಕವೊಂದು ನಮ್ಮಲ್ಲಿದೆ. ಮಾಲೀಕರಿಗೆ ಅದು ಖಾಲಿ ಇದ್ದಷ್ಟೂ ಖುಷಿ. ಅದರಲ್ಲಿ “ಪತ್ತೆ ಮಾಡಿದವರು” ಎಂಬ ಕಾಲಂ ಇದೆ. ಅಂದೇ ರಾತ್ರಿ ಅಲ್ಲಿ “ನಾನು” ಎಂದು ಬರೆದು ಸಹಿ ಹಾಕಿದ್ದೆ. ಓಡಿದವನು ನಾನೇ ತಾನೇ?

ನಿನ್ನೆ ಅದನ್ನು ತಿದ್ದಿದೆ. ನಮ್ಮ ದಾಖಲೆಗಳಲ್ಲಿ ಬಿಳಿ ಬಳಿಯುವಂತಿಲ್ಲ, ಗೀಚಿ ಅಳಿಸುವಂತಿಲ್ಲ. ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸರಿಯಾದದ್ದನ್ನು ಬರೆದು, ತಾರೀಕು ಹಾಕಬೇಕು. “ರೋಗಿ” ಎಂದು ಬರೆದೆ. ಗೆರೆಯ ಅಡಿಯ “ನಾನು” ಈಗಲೂ ಚೆನ್ನಾಗಿಯೇ ಓದಲು ಬರುತ್ತದೆ.