ಗ್ರಾಮದ ಜನಸಂಖ್ಯಾ ವಿವರ: ಲೆಕ್ಕ ಎಲ್ಲಿ ಹಳಿ ತಪ್ಪುತ್ತದೆ

ಪಂಚಾಯಿತಿ ಯೋಜನೆಗೋ ಸಂಸ್ಥೆಯ ವರದಿಗೋ ಊರೊಂದರ ಜನಸಂಖ್ಯಾ ವಿವರ ಬರೆಯುವ ಕೆಲಸದಲ್ಲಿ ಕೂಡು, ಕಳೆ ತಪ್ಪುವುದು ಅಪರೂಪ. ಯಾವ ಊರು, ಎಣಿಸಿದ್ದು ಯಾರನ್ನು ಎಂಬಲ್ಲೇ ತಪ್ಪುವುದು ಹೆಚ್ಚು.

ಜನಗಣತಿ ಎಣಿಸುವುದು ಕಂದಾಯ ಗ್ರಾಮವನ್ನು, ಅಂದರೆ ಕಂದಾಯ ಇಲಾಖೆಯ ದಾಖಲೆಯಲ್ಲಿ ಗಡಿ ಗುರುತಾದ ಗ್ರಾಮವನ್ನು. ಸಿರಾ, ಪಾವಗಡದ ಕಡೆ ಗೊಲ್ಲರಹಟ್ಟಿ, ತಾಂಡಾಗಳು ದಾಖಲೆ ಊರುಗಳಾಗಿ, ಅಂದರೆ ಮೂಲ ಗ್ರಾಮಕ್ಕೆ ಸೇರಿದ ಉಪಗ್ರಾಮಗಳಾಗಿ, ಅದರೊಳಗೇ ಸೇರಿರುತ್ತವೆ. ಆಮೇಲೆ ಹಟ್ಟಿ ತಾನೇ ಕಂದಾಯ ಗ್ರಾಮವಾಗಿದ್ದರೆ, 2011ರ ಅಂಕಿ ಮೂಲ ಗ್ರಾಮದ ಹೆಸರಿನಲ್ಲೇ ಇರುತ್ತದೆ. ಜನಸಂಖ್ಯೆ ಸೊನ್ನೆ ಕಂಡರೆ ಗಾಬರಿ ಬೇಡ, ಅದು ಬೇಚರಾಕ್, ಅಂದರೆ ಜನವಸತಿಯಿಲ್ಲದ ಗ್ರಾಮ. ಹೊಸಹಳ್ಳಿ ಎಂಬ ಹೆಸರಿನ ಊರುಗಳಂತೂ ತಾಲ್ಲೂಕಿಗೆ ಹಲವು. ಹೆಸರು ನಂಬದೆ ಹೋಬಳಿ ನೋಡಿ, ಆರಂಕಿಯ ಗ್ರಾಮ ಸಂಕೇತ ಹಿಡಿದು ಹುಡುಕಬೇಕು. ಚಿಕ್ಕಬಳ್ಳಾಪುರ ಜಿಲ್ಲೆಯಾದದ್ದು 2007ರಲ್ಲಿ, ಹಾಗಾಗಿ 2001ರ ಅಂಕಿ ಕೋಲಾರದಡಿ ಸಿಗುತ್ತದೆ. ಈಗಿನ ಕೆ.ಜಿ.ಎಫ್. ತಾಲ್ಲೂಕಿನ ಊರುಗಳ ಅಂಕಿಯನ್ನು 2011ರಲ್ಲೂ ಬಂಗಾರಪೇಟೆ ತಾಲ್ಲೂಕಿನಡಿಯೇ ಹುಡುಕಬೇಕು.

ಸಾಕ್ಷರತೆಗೆ ಒಟ್ಟು ಜನರಿಂದ ಭಾಗಿಸಬಾರದು. 0-6 ವರ್ಷದ ಮಕ್ಕಳನ್ನು ಕಳೆಯಬೇಕು. 1000 ಜನ, 120 ಮಕ್ಕಳು, 616 ಅಕ್ಷರಸ್ಥರಿದ್ದರೆ ಉತ್ತರ 616 ಭಾಗ 880, ಅಂದರೆ ಶೇ. 70. ಮಕ್ಕಳನ್ನು ಕಳೆಯದಿದ್ದರೆ ಶೇ. 61.6 ಆಗಿ, ಊರು ಇರುವುದಕ್ಕಿಂತ ಹಿಂದುಳಿದಂತೆ ಕಾಣುತ್ತದೆ. ಹೋಲಿಸಲು 2011ರ ಜಿಲ್ಲಾ ಅಂಕಿ: ತುಮಕೂರು ಶೇ. 75.14, ಚಿಕ್ಕಬಳ್ಳಾಪುರ ಶೇ. 69.76.

ಸಣ್ಣ ಊರಿನ ಮಕ್ಕಳ ಲಿಂಗಾನುಪಾತವನ್ನು, ಅಂದರೆ 1000 ಗಂಡು ಮಕ್ಕಳಿಗೆ ಎಷ್ಟು ಹೆಣ್ಣು ಮಕ್ಕಳು ಎಂಬುದನ್ನು, ತಲೆಬರಹ ಮಾಡುವುದು ಸರಿಯಲ್ಲ. 15 ಗಂಡು, 15 ಹೆಣ್ಣು ಮಕ್ಕಳಿದ್ದರೆ 1000. ಒಂದು ಮಗು ಅತ್ತಿಂದಿತ್ತಾಗಿ 16ಕ್ಕೆ 14 ಆದರೆ 875. ಪಂಚಾಯಿತಿಯ ಎಲ್ಲ ಊರುಗಳನ್ನು ಕೂಡಿಸಿ ತೆಗೆದ ಅನುಪಾತಕ್ಕೆ ಒಂದಿಷ್ಟು ಬೆಲೆಯಿದೆ.

ಕೆಲಸಗಾರರ ಕೋಷ್ಟಕದಲ್ಲಿ ಎಡವುವವರೇ ಜಾಸ್ತಿ. ವರ್ಷದಲ್ಲಿ ಆರು ತಿಂಗಳು ಅಥವಾ ಹೆಚ್ಚು ದುಡಿದವರು ಮುಖ್ಯ ಕೆಲಸಗಾರರು, ಕಡಿಮೆಯಾದರೆ ಅಲ್ಪಾವಧಿಯವರು. ಆಮೇಲೆ ನಾಲ್ಕು ವರ್ಗ: ಸಾಗುವಳಿದಾರರು, ಕೃಷಿ ಕೂಲಿಗಳು, ಮನೆ ಕೈಗಾರಿಕೆ, ಇತರೆ. ಜನಗಣತಿಯ ವ್ಯಾಖ್ಯೆಯಲ್ಲಿ ತೆಂಗು, ಅಡಿಕೆ ಬೆಳೆಯುವವರು ಸಾಗುವಳಿದಾರರಲ್ಲ, 'ಇತರೆ'! ತಿಪಟೂರು, ಗುಬ್ಬಿ ಕಡೆಯ ತೋಟದ ಊರಿನಲ್ಲಿ ಇತರೆಯವರು ಹೆಚ್ಚಿದ್ದರೆ 'ಜನ ಬೇಸಾಯ ಬಿಟ್ಟಿದ್ದಾರೆ' ಎಂದು ಬರೆದುಬಿಡಬೇಡಿ, ಮೊದಲು ತೋಟ ಎಷ್ಟಿದೆ ನೋಡಿ. ಹಾಲು, ರೇಷ್ಮೆಹುಳು ನೋಡಿಕೊಳ್ಳುವ ಹೆಂಗಸರನ್ನು 'ಮನೇಲೇ ಇದ್ದಾರೆ' ಎಂದು ಬರೆಸುವುದೂ ಉಂಟು. ಶಿಡ್ಲಘಟ್ಟದ ಹುಳುಮನೆ ಕಂಡವರಿಗೆ ಅದು ಎಂಥ ಮಾತು ಎಂದು ಹೇಳಬೇಕಿಲ್ಲ.

2021ರಲ್ಲಿ ಗಣತಿ ನಡೆಯದ್ದರಿಂದ ಈಚಿನ ಸ್ಥಿತಿಗೆ ಅಂಗನವಾಡಿ ಸಮೀಕ್ಷೆ, ಮತದಾರರ ಪಟ್ಟಿ, ಪಡಿತರ ಚೀಟಿಗಳೇ ಗತಿ. ಆದರೆ ಮೂರೂ ಒಂದೇ ಅಳತೆಯವಲ್ಲ. ಮತದಾರರು 18 ತುಂಬಿದವರು ಮಾತ್ರ. ಗಣತಿಗೆ ಒಂದೇ ಅಡುಗೆಯವರು ಒಂದು ಕುಟುಂಬ. ಚೀಟಿಯಲ್ಲಿ ಅದೇ ಮನೆ ಎರಡಾಗಿ ಒಡೆದಿರಬಹುದು. ಬೆಂಗಳೂರಿನಲ್ಲಿ ನೆಲೆಸಿದ ಮಗನ ಹೆಸರು ಚೀಟಿಯಲ್ಲೂ ಮತಪಟ್ಟಿಯಲ್ಲೂ ಊರಲ್ಲೇ ಉಳಿದಿರುತ್ತದೆ. ಅದಕ್ಕೇ ಅಂಗನವಾಡಿ ಅಕ್ಕನೋ ಆಶಾ ಅಕ್ಕನೋ ಜೊತೆಗಿದ್ದಾಗ ಮನೆವಾರು ಕೇಳಬೇಕಾದ್ದು 'ಎಷ್ಟು ಜನ' ಎಂದಲ್ಲ. 'ರಾತ್ರಿ ಇಲ್ಲಿ ಊಟ ಮಾಡಿ ಮಲಗೋರು ಎಷ್ಟು ಜನ, ಹಬ್ಬಕ್ಕೆ ಮಾತ್ರ ಬರೋರು ಎಷ್ಟು' ಎಂದು. ಎರಡನ್ನೂ ಬೇರೆ ಬೇರೆ ಕಾಲಂನಲ್ಲಿ ಬರೆದು, ಕೆಳಗೆ ಕೇಳಿದ ತಿಂಗಳು ನಮೂದಿಸಿ.